ಸನಾದಿ ಅಪ್ಪಣ್ಣನ ಉಸಿರು

ಕೃಷ್ಣಮೂರ್ತಿ ಪುರಾಣಿಕರ ಕಥೆಯನ್ನಾಧರಿಸಿ ೧೯೭೭ರಲ್ಲಿ ತೆರೆಕಂಡ ‘ಸನಾದಿ ಅಪ್ಪಣ್ಣ’ ಚಿತ್ರದ ಬಗೆಗೆ ನನ್ನದೊಂದು ಬಹುಕಾಲದ ತಕರಾರು. ಸನಾದಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನರು. ಊದುವಂತೆ ಅಭಿನಯಿಸಿದವರು ರಾಜಕುಮಾರರು. ಕಡ ತಂದ ಉಸಿರಿನ ಅಭಿನಯವನ್ನು ಮೆಚ್ಚುವುದೆಂತು ಎಂದು ತರಗತಿಯಲ್ಲೂ ವಾದಿಸಿದ್ದುಂಟು.

ಆ ಮಾತನ್ನೀಗ ಹಿಂತೆಗೆದುಕೊಳ್ಳಬೇಕಾಗಿದೆ. ಇಪ್ಪತ್ತು ವರ್ಷ ಕೊಳಲು ನುಡಿಸಿದ ನಾನು, ನಾಲ್ವತ್ತೈದು ದಾಟಿದ ಮೇಲೆ, ರೋಣದಲ್ಲಿ ಸನಾದಿ ಹಿಡಿದೆ. ೧೯೨೨ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಗುರುವನ್ನರಸಿ ಮನೆಬಿಟ್ಟದ್ದು ಹನ್ನೊಂದರ ವಯಸ್ಸಿನಲ್ಲಿ!

ಕೊಳಲಿನಲ್ಲಿ ಗಾಳಿಯು ರಂಧ್ರದ ಅಂಚಿಗೆ ತಾಗಿ ನಾದವಾಗುತ್ತದೆ. ತುಟಿ ಹೊರಗೇ ಉಳಿಯುತ್ತದೆ. ಸನಾದಿಯಲ್ಲಾದರೋ, ಪಾಶ್ಚಾತ್ಯರ ಓಬೋದಲ್ಲಿರುವಂತೆಯೇ, ಎರಡು ನಾಲಗೆಯ ಪೀಪಿ ತುಟಿಗಳ ನಡುವೆ ಕಂಪಿಸಬೇಕು. ಅದನ್ನು ಎಂಜಲಿನಿಂದ ತೋಯಿಸಿ, ಹದವಾಗಿ ಒತ್ತಬೇಕು. ಸಡಿಲಾದರೆ ಸ್ವರ ಜಾರುತ್ತದೆ. ಬಿಗಿಯಾದರೆ ನಾದವೇ ಇಲ್ಲ. ಮೊದಲ ತಿಂಗಳು ನನ್ನಿಂದ ಹೊರಟದ್ದು ಕರುವಿನ ಕೂಗು. “ಸರ, ಮೊದಲ ಕೊಳಲ ಮರೀರಿ, ಆಮ್ಯಾಲ ಇದನ್ನ ಹಿಡೀರಿ,” ಎಂದರು ಕಲಿಸುವ ಹಿರಿಯರು.

ಆಮೇಲೆ ಚಿತ್ರವನ್ನು ಮತ್ತೆ ನೋಡಿದೆ. ೧೯೨೯ರಲ್ಲಿ ಹುಟ್ಟಿದ ರಾಜಕುಮಾರರಿಗೆ ಆಗ ನನಗಿಂತ ಒಂದೆರಡು ವರ್ಷ ಹೆಚ್ಚಿನ ಪ್ರಾಯ. ನಾದ ಅವರದಲ್ಲ, ನಿಜ. ಆದರೆ ಗಲ್ಲ, ಕೊರಳು, ಕಣ್ಣುಗಳಲ್ಲಿ ಕಾಣುವ ಶ್ರಮ ಅವರದೇ. ಉಳಿದ ಕೊರತೆಯೊಂದೇ: ಇಲ್ಲಿ ಕೇಳುವುದು ಖಾನರ ಪಕ್ವನಾದ, ಕಲಿಯುವವನ ಅಪಸ್ವರವಲ್ಲ. ಆದರೂ ‘ಮಂಗಳವಾದ್ಯ’ವೆಂದು ಕೈಮುಗಿದು, ಊದುವವನನ್ನು ಚಪ್ಪರದ ಮೂಲೆಗೆ ಕೂರಿಸುವ ನಮ್ಮಲ್ಲಿ, ಅವನನ್ನೇ ನಡುವಿಗೆ ತಂದ ಚಿತ್ರವಿದು.

ನನ್ನ ಷಡ್ಜ ಇನ್ನೂ ನಿಂತಿಲ್ಲ. ತರಗತಿಯಲ್ಲಿ ಆಡಿದ ಮಾತನ್ನಾದರೂ ತರಗತಿಯಲ್ಲೇ ತಿದ್ದಿಕೊಳ್ಳುವೆನು.