ಕದಡಿದ ಗಾಳಿ, ನುಣುಪಾದ ಗುರು

ಎಂಟು ಇಂಚಿನ ಒಂದು ದೂರದರ್ಶಕ, ಅಂಗೈಯಲ್ಲಿ ಹಿಡಿಸುವ ಕ್ಯಾಮೆರಾ, ಒಂದು ಲ್ಯಾಪ್‌ಟಾಪ್. ಇಷ್ಟಿಟ್ಟುಕೊಂಡು ಮನೆಯ ತಾರಸಿಯಿಂದ ಇವತ್ತು ತೆಗೆಯುವ ಗುರುಗ್ರಹದ ಚಿತ್ರದ ಮುಂದೆ, ಫಿಲ್ಮ್ ಕಾಲದಲ್ಲಿ ದೊಡ್ಡ ವೀಕ್ಷಣಾಲಯಗಳು ತೆಗೆದ ಎಷ್ಟೋ ಫೋಟೊಗಳು ಮಂಕಾಗಿ ಕಾಣುತ್ತವೆ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಹವ್ಯಾಸಿಗಳ ಈ ಸಾಧನೆಯನ್ನು ಮೆಚ್ಚಿಕೊಂಡೇ ಒಂದು ತಕರಾರು ಎತ್ತಬೇಕಾಗಿದೆ. ಗಾಳಿ ಚೆನ್ನಾಗಿದ್ದ ರಾತ್ರಿಯ ಚಿತ್ರಗಳ ಬಗ್ಗೆ ನನ್ನದೇನೂ ದೂರಿಲ್ಲ. ಗಾಳಿ ಕೆಟ್ಟ ರಾತ್ರಿಯ ಚಿತ್ರಗಳೂ ಅಷ್ಟೇ ಚೆನ್ನಾಗಿ ಕಾಣತೊಡಗಿವೆಯಲ್ಲ, ಅನುಮಾನ ಹುಟ್ಟುವುದು ಅಲ್ಲಿ.

ಗುರು ನಮಗೆ ತೀರ ಹತ್ತಿರ ಬಂದಾಗಲೂ ಅದರ ಬಿಂಬ ಆಕಾಶದಲ್ಲಿ 50 ಆರ್ಕ್‌ಸೆಕೆಂಡಿನ ಆಸುಪಾಸು. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್. ಎಂಟು ಇಂಚಿನ ದೂರದರ್ಶಕ ಅರ್ಧ ಆರ್ಕ್‌ಸೆಕೆಂಡಿಗಿಂತ ತುಸು ದೊಡ್ಡದಾದ ವಿವರಗಳನ್ನು ಬಿಡಿಸಿ ತೋರಿಸಬಲ್ಲದು. ಆದರೆ ಮೇಲಿನ ಗಾಳಿ ಅದಕ್ಕೆ ಆಸ್ಪದ ಕೊಡಬೇಕಲ್ಲ. ಬೇರೆ ಬೇರೆ ಉಷ್ಣತೆಯ ಗಾಳಿಯ ಪದರಗಳು ಕಲೆಯುವಾಗ ಬೆಳಕು ಅತ್ತಿತ್ತ ಬಾಗುತ್ತದೆ. ಸಾಧಾರಣ ರಾತ್ರಿಯಲ್ಲಿ ಎರಡು ಆರ್ಕ್‌ಸೆಕೆಂಡ್, ಕೆಟ್ಟ ರಾತ್ರಿಯಲ್ಲಿ ನಾಲ್ಕು ಆರ್ಕ್‌ಸೆಕೆಂಡಿನಷ್ಟು ಮಸುಕು. ಹವ್ಯಾಸಿಗಳು ‘ಸೀಯಿಂಗ್’ ಅನ್ನುವುದು ಇದನ್ನೇ. ಇದಕ್ಕೂ ಆಕಾಶ ತಿಳಿಯಾಗಿರುವುದಕ್ಕೂ ಸಂಬಂಧ ಕಡಿಮೆ. ಮಳೆ ತೊಳೆದಿಟ್ಟಂಥ ಸ್ವಚ್ಛ ಆಕಾಶದಲ್ಲಿ ಗ್ರಹ ಕುಣಿಯುತ್ತಿರಬಹುದು, ತೆಳು ಮಂಜು ಕವಿದ ರಾತ್ರಿ ಅದೇ ಗ್ರಹ ಅಲ್ಲಾಡದೆ ನಿಲ್ಲಬಹುದು. ಊರಿನ ದೀಪಗಳ ಬೆಳಕಂತೂ ಗ್ರಹಗಳಿಗೆ ಅಡ್ಡಿಯೇ ಅಲ್ಲ. ಬೆಂಗಳೂರಿನ ಟೆರೇಸಿನ ಮೇಲೆ ನಿಂತವರಿಗೆ ನಿಜವಾದ ತೊಂದರೆ ಕಾಲ ಕೆಳಗಿದೆ. ಹಗಲಿಡೀ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿಯಿಡೀ ಶಾಖ ಉಗುಳುತ್ತಿರುತ್ತದೆ; ಪಕ್ಕದ ಮನೆಯ ಶೀಟಿನ ಛಾವಣಿ, ಎ.ಸಿ.ಯ ಹೊರಘಟಕ ಇವೂ ಕೈ ಜೋಡಿಸುತ್ತವೆ.

ಅಂಥ ರಾತ್ರಿ ಲ್ಯಾಪ್‌ಟಾಪ್ ಪರದೆಯ ಮೇಲೆ ಬರುವ ಗುರುವನ್ನು ನೋಡಿದವರಿಗೆ ಗೊತ್ತು: ಹರಿಯುವ ನೀರಿನ ತಳದಲ್ಲಿ ಬಿದ್ದ ನಾಣ್ಯ. ಅಂಚು ಒಮ್ಮೆ ಉಬ್ಬುತ್ತದೆ, ಒಮ್ಮೆ ಹಲ್ಲುಹಲ್ಲಾಗುತ್ತದೆ. ಎರಡು ಪಟ್ಟೆಗಳಿವೆ ಅನ್ನುವುದಷ್ಟೇ ಖಾತ್ರಿ. ನಡುವೆ ಎಲ್ಲೋ ಕಣ್ಣು ಮಿಟುಕಿಸುವಷ್ಟು ಹೊತ್ತು ಗಾಳಿ ಶಾಂತವಾಗಿ, ಪಟ್ಟೆಯ ಅಂಚಿನ ಸುರುಳಿಯೊಂದು ಸ್ಪಷ್ಟವಾಗಿ ಮೂಡಿ ಮಾಯವಾಗುತ್ತದೆ.

ಈ ಕ್ಷಣಗಳನ್ನು ಹಿಡಿಯುವುದೇ ಇವತ್ತಿನ ವಿಧಾನ. ಸೆಕೆಂಡಿಗೆ ನೂರರಂತೆ ಫ್ರೇಮ್ ತೆಗೆದು, ಆಟೋಸ್ಟ್ಯಾಕರ್ಟ್‌ನಂಥ ತಂತ್ರಾಂಶದಿಂದ ಒಳ್ಳೆಯವನ್ನು ಆರಿಸಿ, ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆಯುವುದು. ಆಮೇಲೆ ರೆಜಿಸ್ಟ್ಯಾಕ್ಸ್ ಎಂಬ ಇನ್ನೊಂದು ತಂತ್ರಾಂಶದ ವೇವ್‌ಲೆಟ್ ಸ್ಲೈಡರ್‌ಗಳನ್ನು ಎಳೆದು ಮೊನಚು ಕೊಡುವುದು. ಗುರು ತನ್ನ ಸುತ್ತ ಹತ್ತು ಗಂಟೆಯೊಳಗೆ ಒಂದು ಸುತ್ತು ಮುಗಿಸುವುದರಿಂದ, ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ವಿಡಿಯೊ ತೆಗೆದರೆ ವಿವರಗಳು ತಾವಾಗಿ ಉಜ್ಜಿಹೋಗುತ್ತವೆ. ಎರಡೂವರೆ ನಿಮಿಷಕ್ಕೆ 15,000 ಫ್ರೇಮ್ ಅಂದುಕೊಳ್ಳೋಣ.

ಇದರಲ್ಲಿ ಎಷ್ಟು ಒಳ್ಳೆಯವು? ಈ ಪ್ರಶ್ನೆಗೆ ಅಮೆರಿಕದ ಡೇವಿಡ್ ಫ್ರೀಡ್ 1978ರಲ್ಲೇ ಒಂದು ಸೂತ್ರ ಕೊಟ್ಟಿದ್ದಾರೆ. ಅದರ ಪ್ರಕಾರ, ಎರಡು ಆರ್ಕ್‌ಸೆಕೆಂಡ್ ಮಸುಕಿನ ರಾತ್ರಿ ಎಂಟು ಇಂಚಿನ ದೂರದರ್ಶಕಕ್ಕೆ ಹೆಚ್ಚುಕಡಿಮೆ ಎರಡಕ್ಕೊಂದು ಫ್ರೇಮ್ ಸ್ಪಷ್ಟವಾಗಿ ಸಿಗುತ್ತದೆ. ಅದೇ ರಾತ್ರಿ ಹದಿನಾಲ್ಕು ಇಂಚಿನದಕ್ಕೆ ಸಿಗುವುದು ಮುನ್ನೂರೈವತ್ತಕ್ಕೋ ನಾನೂರಕ್ಕೋ ಒಂದು. ದುಡ್ಡು ಸುರಿದು ದೊಡ್ಡ ದೂರದರ್ಶಕ ತಂದವರು ಕೆಟ್ಟ ಗಾಳಿಯಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಇದಕ್ಕೇ. ಗಾಳಿ ನಾಲ್ಕು ಆರ್ಕ್‌ಸೆಕೆಂಡಿಗೆ ಕೆಟ್ಟರೆ ಎಂಟು ಇಂಚಿನದಕ್ಕೂ ನಾಲ್ಕು ಸಾವಿರ ಫ್ರೇಮಿಗೆ ಒಂದು. ಅಂದರೆ ನಮ್ಮ 15,000ದಲ್ಲಿ ಬರೀ ನಾಲ್ಕು. ಹವ್ಯಾಸಿ ಮಾತ್ರ ರೂಢಿಯಂತೆ ‘ಶೇಕಡಾ ಹತ್ತು’ ಎಂದು ಒತ್ತುತ್ತಾನೆ. ತಂತ್ರಾಂಶ ಬೇಸರಿಸದೆ 1,500 ಫ್ರೇಮ್ ಆರಿಸಿ ಕೊಡುತ್ತದೆ. ಅದಕ್ಕೆ ಗೊತ್ತಿರುವುದು ಯಾವುದಕ್ಕಿಂತ ಯಾವುದು ಮೇಲು ಅನ್ನುವುದಷ್ಟೇ. ಮೇಲಾದದ್ದೂ ಕೆಟ್ಟದ್ದೇ ಎಂದು ಅದು ಹೇಳುವುದಿಲ್ಲ.

ಇಲ್ಲಿಂದ ಮುಂದಿನದು ಇನ್ನೂ ನಾಜೂಕಿನ ವಿಷಯ. ಫ್ರೇಮ್ ಪೇರಿಸಿದರೆ ಗ್ರಹದ ವಿವರ ಹೆಚ್ಚುವುದಿಲ್ಲ, ಚಿತ್ರದ ತರಿ ಕಡಿಮೆಯಾಗುತ್ತದೆ. 1,500 ಪೇರಿಸಿದರೆ ಸುಮಾರು ಮೂವತ್ತೊಂಬತ್ತು ಪಟ್ಟು ಕಡಿಮೆ. ಮೊದಲಾದರೆ ಮೊನಚು ಅತಿಯಾದ ಕೂಡಲೇ ಚಿತ್ರ ತರಿತರಿಯಾಗಿ, ಸಾಕು ನಿಲ್ಲಿಸು ಎಂದು ತಾನೇ ಹೇಳುತ್ತಿತ್ತು. ಈಗ ಆ ಎಚ್ಚರಿಕೆಯೇ ಇಲ್ಲ. ಸ್ಲೈಡರ್ ಎಷ್ಟು ಎಳೆದರೂ ಚಿತ್ರ ನುಣುಪಾಗಿಯೇ ಉಳಿಯುತ್ತದೆ. ಇಲ್ಲದ ಗೆರೆಗಳು ಇರುವ ಗೆರೆಗಳಷ್ಟೇ ಸಹಜವಾಗಿ ಮೂಡುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಗಾಳಿಯ ದೋಷಕ್ಕೆ ಚಿತ್ರ ಶಿಕ್ಷೆ ಅನುಭವಿಸುತ್ತಿದೆ. ಇತರರ ಚಿತ್ರಗಳನ್ನು ಕಲಿತು ಮಸುಕು ತೆಗೆಯುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವು ಕೊಡುವುದು ಗ್ರಹ ಹೇಗಿರಬಹುದು ಎಂಬ ಊಹೆಯನ್ನು.

ಮೊನಚು ಹುಟ್ಟಿಸುವ ಸುಳ್ಳು ಗೆರೆಗಳನ್ನು ಶನಿಯ ಬಳೆಗಳಲ್ಲಿ ಕಣ್ಣಾರೆ ನೋಡಬಹುದು. ಬಳೆಗಳ ನಡುವಿನ ಕಪ್ಪು ತೆರಪಾದ ಕ್ಯಾಸಿನಿ ಅಂತರ ಸುಮಾರು 4,800 ಕಿಲೋಮೀಟರ್ ಅಗಲ, ನಮ್ಮ ದೂರಕ್ಕೆ ಮುಕ್ಕಾಲು ಆರ್ಕ್‌ಸೆಕೆಂಡಿನ ಹತ್ತಿರ. ಎಂಟು ಇಂಚಿನ ಚಿತ್ರದಲ್ಲಿ ಅದು ಬಂದರೆ ನಂಬಬಹುದು. ಎಂಕೆ ಅಂತರ ಬರೀ 325 ಕಿಲೋಮೀಟರ್. ಆರ್ಕ್‌ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು. ಗಾಳಿ ಕುಣಿಯುತ್ತಿದ್ದ ರಾತ್ರಿ ಎಂಟು ಇಂಚಿನಲ್ಲಿ ತೆಗೆದ ಚಿತ್ರದ ಬಳೆಯ ಹೊರ ಅಂಚಿಗೆ ಸರಿಸಮನಾಗಿ ಒಂದು ಕಪ್ಪು ಗೆರೆ ಕಂಡರೆ, ಅದು ಅಂಚಿಗೆ ಮೊನಚು ಕೊಟ್ಟಾಗ ಎದ್ದ ಅಲೆ. ಎಂಕೆ ಹಿಡಿದೆ ಎಂದು ಸಂಭ್ರಮಿಸುವ ಮುನ್ನ ಚಿತ್ರದ ಇತರ ಅಂಚುಗಳನ್ನೂ ನೋಡಬೇಕು. ಗ್ರಹದ ಬಿಂಬದ ಸುತ್ತ ಅಷ್ಟೇ ದೂರದಲ್ಲಿ ಅಂಥದೇ ಗೆರೆ ಇದ್ದರೆ ತೀರ್ಪು ಅಲ್ಲೇ ಸಿಕ್ಕಿತು.

ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಅನ್ನುವ ಭರವಸೆ ಈ ಕ್ಷೇತ್ರದಲ್ಲಿ ಹಿಂದೆಯೂ ಕೈಕೊಟ್ಟಿದೆ. 1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ಮಂಗಳದ ಮೇಲೆ ಗೆರೆಗಳನ್ನು ಕಂಡರು. ಅಮೆರಿಕದ ಪರ್ಸಿವಲ್ ಲೊವೆಲ್ ಅವು ಅಲ್ಲಿನವರು ತೋಡಿದ ಕಾಲುವೆಗಳೆಂದು ನಂಬಿದರು. ಕಣ್ಣಿನ ಸಾಕ್ಷಿಯನ್ನು ಎಲ್ಲರೂ ಒಪ್ಪಲಿಲ್ಲ. 1905ರಲ್ಲಿ ಲೊವೆಲ್ ವೀಕ್ಷಣಾಲಯದ ಲ್ಯಾಂಪ್ಲಂಡ್ ಮಂಗಳದ ಫೋಟೊಗಳನ್ನು ತೆಗೆದಾಗ, ಇಗೋ ಕಾಲುವೆಗಳು ಎಂದು ಲೊವೆಲ್ ಸಾರಿದರು. ಪುಟ್ಟ ಬಿಂಬದ ಆ ತರಿಯಾದ ಚಿತ್ರಗಳಲ್ಲಿ ನಂಬಿದವರಿಗೆ ಕಾಲುವೆ ಕಂಡಿತು, ಉಳಿದವರಿಗೆ ಕಾಣಲಿಲ್ಲ. 1909ರಲ್ಲಿ ಪ್ಯಾರಿಸ್ ಬಳಿಯ ಮ್ಯೂಡಾನ್‌ನಲ್ಲಿ ಆಂಟೋನಿಯಾಡಿ, 83 ಸೆಂಟಿಮೀಟರಿನ ದೂರದರ್ಶಕದಲ್ಲಿ, ಗಾಳಿ ಅಪರೂಪಕ್ಕೆ ನಿಶ್ಚಲವಾಗಿದ್ದ ಹೊತ್ತು ನೋಡಿದರು. ನೇರ ಗೆರೆಗಳ ಜಾಗದಲ್ಲಿ ಅಡ್ಡಾದಿಡ್ಡಿ ಕಲೆಗಳಿದ್ದವು. ಒಂದರಿಂದ ಐದರವರೆಗೆ ಗಾಳಿಗೆ ಅಂಕ ಕೊಡುವ, ಹವ್ಯಾಸಿಗಳು ಇವತ್ತಿಗೂ ಬಳಸುವ ಮಾಪಕ ಅದೇ ಆಂಟೋನಿಯಾಡಿಯದು. ಇದರಲ್ಲಿ ಒಂದು ಅತ್ಯುತ್ತಮ, ಐದು ಅಧ್ವಾನ.

ಹಾಗಾದರೆ ಗಾಳಿ ಕೆಟ್ಟ ರಾತ್ರಿ ದೂರದರ್ಶಕ ಮುಚ್ಚಿಟ್ಟು ಮಲಗಬೇಕೆ? ಖಂಡಿತ ಬೇಡ. 2009ರ ಜುಲೈ 19ರ ರಾತ್ರಿ ಆಸ್ಟ್ರೇಲಿಯಾದ ಮರಂಬೇಟ್‌ಮನ್‌ನಲ್ಲಿ ಆಂಥೊನಿ ವೆಸ್ಲಿ ಮನೆಯ ಹಿತ್ತಲಿನಿಂದ ಗುರುವನ್ನು ಚಿತ್ರಿಸುತ್ತಿದ್ದರು. ಗಾಳಿ ಕೆಡುತ್ತಿತ್ತು, ಮುಗಿಸಿಬಿಡೋಣ ಅಂದುಕೊಂಡವರು ಮನಸ್ಸು ಬದಲಿಸಿ ಇನ್ನಷ್ಟು ಹೊತ್ತು ನಿಂತರು. ದಕ್ಷಿಣ ಧ್ರುವದ ಬಳಿ ಕಪ್ಪು ಕಲೆಯೊಂದು ತಿರುಗಿ ಬಂತು. ಏನೋ ಆಕಾಶಕಾಯ ಗುರುವಿಗೆ ಬಡಿದ ಗುರುತು ಅದು. ವೆಸ್ಲಿ ಆಗ ಮಾಡಿದ್ದನ್ನು ನೋಡಿ: ಕಲೆ ಎಲ್ಲ ಬಣ್ಣಗಳ ಚಿತ್ರದಲ್ಲೂ ಕಪ್ಪಾಗಿಯೇ ಇದೆಯೇ, ಗ್ರಹದೊಂದಿಗೆ ತಿರುಗುತ್ತಿದೆಯೇ, ಉಪಗ್ರಹದ ನೆರಳೇ ಎಂದು ವಿಚಾರಿಸಿದರು, ಎರಡು ದಿನ ಹಿಂದಿನ ತಮ್ಮದೇ ಚಿತ್ರ ತೆಗೆದು ಹೋಲಿಸಿದರು, ಆಮೇಲೆ ಇತರರಿಗೆ ತಿಳಿಸಿದರು. ಹವಾಯಿಯಲ್ಲಿರುವ ನಾಸಾದ ದೂರದರ್ಶಕ ಅದನ್ನು ಖಚಿತಪಡಿಸಿತು. ಆ ಚಿತ್ರದ ಬೆಲೆ ಇರುವುದು ಅದರ ಅಂದದಲ್ಲಲ್ಲ, ಅದು ಪರೀಕ್ಷೆಗೆ ನಿಂತದ್ದರಲ್ಲಿ.

ಇದೇ ಪರೀಕ್ಷೆಯನ್ನು ಮನೆಯ ತಾರಸಿಗೂ ತರಬಹುದು. ಐದು ನಿಮಿಷ ಅಂತರದ ಎರಡು ವಿಡಿಯೊಗಳನ್ನು ಪ್ರತ್ಯೇಕವಾಗಿ ಸಂಸ್ಕರಿಸಿ, ಎರಡರಲ್ಲೂ ಬಂದ ವಿವರವನ್ನು ಮಾತ್ರ ಉಳಿಸಿಕೊಂಡರೆ ಮುಕ್ಕಾಲು ಸುಳ್ಳು ಉದುರಿಹೋಗುತ್ತದೆ. ಕೆಂಪು ಮೀರಿದ ಬೆಳಕನ್ನಷ್ಟೇ ಬಿಡುವ ಅವಕೆಂಪು ಫಿಲ್ಟರ್ ಹಾಕಿದರೆ ಗಾಳಿಯ ಕಾಟ ತಗ್ಗುತ್ತದೆ. ವಿವರ ತುಸು ಒರಟಾದೀತು, ಆದರೆ ಬಂದದ್ದು ದಿಟವಾಗಿರುತ್ತದೆ. ಇದು ಕಲೆ, ವಿಜ್ಞಾನವಲ್ಲ ಎಂದು ವಾದಿಸುವವರಿದ್ದಾರೆ. ಕಲೆಯಾದರೆ ಕಲೆಯಾಗಿಯೇ ತೋರಿಸಲಿ. ಅಡಿಯಲ್ಲಿ ದಿನಾಂಕ, ವೇಳೆ, ಫಿಲ್ಟರ್ ನಮೂದಿಸಿ ಅದಕ್ಕೆ ವೀಕ್ಷಣೆಯ ವೇಷ ತೊಡಿಸುವುದೇಕೆ? ಆ ವಿವರಗಳ ಸಾಲಿನಲ್ಲಿ ಗಾಳಿಯ ಅಂಕ ಮಾತ್ರ ಎಷ್ಟೋ ಸಲ ಕಾಣೆಯಾಗಿರುತ್ತದೆ ಅನ್ನುವುದೂ ಗಮನಿಸಬೇಕಾದ ಮಾತು.

ನಮ್ಮವರಿಗೆ ಈ ವಿಷಯದಲ್ಲಿ ನೆಪ ಹೇಳುವ ಹಾಗೂ ಇಲ್ಲ. 2019–20ರಲ್ಲಿ ಗುರು ದಕ್ಷಿಣಕ್ಕೆ ಸರಿದಿದ್ದಾಗ ಲಂಡನ್ನಿನವರಿಗೆ ಅದು ದಿಗಂತದಿಂದ ಹದಿನಾರು ಡಿಗ್ರಿಯ ಆಸುಪಾಸು ಏರಿ ಇಳಿಯುತ್ತಿತ್ತು. ದಪ್ಪ ಗಾಳಿಯ ಮೂಲಕವೇ ನೋಡಬೇಕಿತ್ತು. ಅದೇ ಗುರು ಬೆಂಗಳೂರಿನಲ್ಲಿ ಐವತ್ತೈದು ಡಿಗ್ರಿ ಎತ್ತರಕ್ಕೆ ಬರುತ್ತಿತ್ತು. 2027ರ ಫೆಬ್ರವರಿಯಲ್ಲಿ ಗುರು, ಮಂಗಳ ಎರಡೂ ಕೆಲವೇ ದಿನಗಳ ಅಂತರದಲ್ಲಿ ಸೂರ್ಯನಿಗೆ ಎದುರಾಗಿ, ಕರ್ನಾಟಕದ ನೆತ್ತಿಯ ಹತ್ತಿರವೇ ಹಾಯಲಿವೆ. 2003ರಲ್ಲಿ 25 ಆರ್ಕ್‌ಸೆಕೆಂಡಿಗೆ ಬೆಳೆದಿದ್ದ ಮಂಗಳ ಈ ಸಲ 14ನ್ನೂ ಮುಟ್ಟುವುದಿಲ್ಲ. ಅಷ್ಟು ಚಿಕ್ಕ ಬಿಂಬದ ಮೇಲೆ ಸ್ಲೈಡರ್ ಎಳೆಯುವ ಆಸೆ ಎಲ್ಲರಿಗೂ ಆಗುತ್ತದೆ. ಎಳೆಯಿರಿ, ಆದರೆ ಕಚ್ಚಾ ವಿಡಿಯೊವನ್ನು ಅಳಿಸಬೇಡಿ; ಚಿತ್ರದ ಕೆಳಗೆ ಆ ರಾತ್ರಿಯ ಗಾಳಿಗೆ ಐದರಲ್ಲಿ ಎಷ್ಟು ಎಂದು ಬರೆಯಿರಿ.