ಕೆರೆ ತುಂಬಿತು, ಊರು ಬಾಯಿ ಬಿಡಲಿಲ್ಲ
(‘ಕೆರೆಗೆ ಹಾರ’ ಹಾಡಿನ ಬಗ್ಗೆ)

‘ಕೆರೆಗೆ ಹಾರ’ ನಮ್ಮ ಸೀಮೆಯ ಹಾಡಲ್ಲ. ಬಡಗಣ ಕರ್ನಾಟಕದ ಹೆಣ್ಣುಮಕ್ಕಳ ಬಾಯಿಂದ ಬಂದದ್ದು. ಆದರೂ ಧರ್ಮಪುರಿ, ಸೇಲಂ ಕಡೆ ಮನೆಯಲ್ಲಿ ಕನ್ನಡ, ಸಂತೇಲಿ ತಮಿಳು ಆಡಿಕೊಂಡು ಬದುಕುವ ನಮ್ಮಂಥವರಿಗೂ ಅದು ಹೊಸದಲ್ಲ. ಕೊಳ್ಳೇಗಾಲದ ಕಡೆ ನಂಟರ ಮಕ್ಕಳ ಪುಸ್ತಕದಿಂದ ಒಂದಿಷ್ಟು, ರೇಡಿಯೋದಿಂದ ಒಂದಿಷ್ಟು ನಮ್ಮ ಹಟ್ಟಿಗಳಿಗೂ ಬಂದು ಸೇರಿದೆ. ನಾನೂ ಎಷ್ಟೋ ವರ್ಷದಿಂದ ಹಾಡ್ತಾ ಬಂದಿದೀನಿ. ಹಾಡಿ ಮುಗಿಸಿದ ಮೇಲೆ ಜನ ಹೇಳೋದು ಒಂದೇ ಮಾತು: ಎಂಥಾ ತ್ಯಾಗ, ಎಂಥಾ ಸೊಸೆ! ಮೇಷ್ಟ್ರುಗಳು ಕೂಡ ಊರಿಗಾಗಿ ಪ್ರಾಣ ಕೊಟ್ಟ ಹೆಣ್ಣು ಅಂತಲೇ ಪಾಠ ಮಾಡ್ತಾರೆ. ನನಗೆ ಆ ಮಾತು ಗಂಟಲಲ್ಲಿ ಇಳಿಯೋದಿಲ್ಲ. ಹಾಡನ್ನ ನಿಧಾನಕ್ಕೆ ಕೇಳಿದರೆ ಹಾಡೂ ಆ ಮಾತು ಹೇಳೋದಿಲ್ಲ. ಯಾಕೆ ಅಂತ ಈ ಬರಹದಲ್ಲಿ ಹೇಳ್ತೀನಿ.

ಕತೆ ಗೊತ್ತಿಲ್ಲದವರಿಗೆ ನಾಕು ಮಾತು. ಕಲ್ಲನಕೇರಿ ಮಲ್ಲನಗೌಡ ಒಂದು ಕೆರೆ ಕಟ್ಟಿಸ್ತಾನೆ. ಬೊಗಸೆ ನೀರೂ ನಿಲ್ಲೋದಿಲ್ಲ. ಶಾಸ್ತ್ರ ಕೇಳಿದರೆ ಸೊಸೆಯನ್ನ ಹಾರ ಕೊಡಬೇಕು ಅಂತ ಬರುತ್ತೆ. ಹಿರೀ ಸೊಸೆಯನ್ನ ಕೊಟ್ಟರೆ ಮನೆಯ ಹಿರಿತನ ನಡೆಸೋರು ಯಾರು? ಅದಕ್ಕೆ ಕಿರೀ ಸೊಸೆ ಭಾಗೀರಥಿ ಅಂತ ತೀರ್ಮಾನ ಆಗುತ್ತೆ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಭಾಗೀರಥಿ ತವರಿಗೆ ಹೋಗಿ ಬರ್ತಾಳೆ, ಗೆಳತಿ ಮನೆಗೆ ಹೋಗಿ ಬರ್ತಾಳೆ. ಆಮೇಲೆ ಮನೆಮಂದಿಯೆಲ್ಲ ಕೆರೆಗೆ ಹೋಗಿ ಪೂಜೆ ಮಾಡಿ ವಾಪಸು ಬರುವಾಗ ಬಂಗಾರದ ಬಟ್ಟಲು ಮರೆತು ಬಂದೆವು ಅಂತಾರೆ. ಅದನ್ನ ತರೋಕೆ ಹೋದ ಭಾಗೀರಥಿಗೆ ಒಂದೊಂದು ಮೆಟ್ಟಿಲಿಗೂ ನೀರು ಏರುತ್ತೆ. ಕೆರೆ ತುಂಬುತ್ತೆ. ಕೆಟ್ಟ ಕನಸು ಕಂಡ ಗಂಡ ಕುದುರೆ ಹತ್ತಿ ಬರ್ತಾನೆ. ಮನೆಯೋರು ಸುಳ್ಳು ಹೇಳ್ತಾರೆ. ಕೊನೆಗೆ ಗೆಳತಿ ನಿಜ ಹೇಳ್ತಾಳೆ. ಅವನೂ ಅದೇ ಕೆರೆಗೆ ಹಾರ್ತಾನೆ. ಊರಿಂದ ಊರಿಗೆ ಪಾಠ ಸ್ವಲ್ಪ ಬದಲಾಗುತ್ತೆ, ಎಲುಬು ಇದೇ.

ಈಗ ಮೊದಲನೇ ಮಾತು. ತ್ಯಾಗ ಅಂದರೆ ಏನು? ತಾನಾಗಿ ಕೊಡೋದು. ತಾನಾಗಿ ಕೊಡೋಳಿಗೆ ಬಂಗಾರದ ಬಟ್ಟಲಿನ ನೆಪ ಯಾಕೆ ಬೇಕಿತ್ತು? ಹಾಡು ಕಟ್ಟಿದ ತಾಯಿ ಆ ಬಟ್ಟಲನ್ನ ಸುಮ್ಮನೆ ತಂದು ಇಟ್ಟಿಲ್ಲ. ಮನೆಯೋರು ಎದುರಿಗೆ ನಿಂತು ‘ನೀನು ಸಾಯಬೇಕು’ ಅಂತ ಹೇಳೋ ಧೈರ್ಯದೋರಲ್ಲ ಅಂತ ತೋರಿಸೋಕೆ ಇಟ್ಟಿದಾಳೆ. ಅವಳು ಅಕ್ಕಿ ಆರಿಸ್ತಾ ಅಳುವಾಗಲೂ, ಯಾಕೆ ಅಳ್ತೀಯ ಅಂತ ಕೇಳ್ತಾರೆ, ಏನೂ ಗೊತ್ತಿಲ್ಲದೋರ ಹಾಗೆ. ಅವಳಿಗೆ ಗೊತ್ತು, ಅವರಿಗೂ ಗೊತ್ತು, ಮಾತು ಮಾತ್ರ ಹೊರಗೆ ಬರೋದಿಲ್ಲ. ಇದು ತ್ಯಾಗದ ಹಾಡಲ್ಲ. ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತಿನ ಹಾಡು.

ನಮ್ಮ ಧರ್ಮಪುರಿ, ಕೃಷ್ಣಗಿರಿ ಹೊಲಗಳಲ್ಲಿ ವೀರಗಲ್ಲು ನೋಡಿದೀರಲ್ಲ, ತಮಿಳರು ನಡುಕಲ್ ಅಂತಾರೆ. ಕೈಯಲ್ಲಿ ಬಿಲ್ಲೋ ಕತ್ತಿಯೋ ಹಿಡಿದ ಆಳು, ಕೆಲವಕ್ಕೆ ಪಕ್ಕದಲ್ಲಿ ದನ, ಕೆಲವಕ್ಕೆ ವಟ್ಟೆಳುತ್ತು ಅಕ್ಷರ. ಊರಿನ ದನ ಹೊಡೆದುಕೊಂಡು ಹೋದಾಗ ಹಿಂದೆ ಹೋಗಿ ಕಾದಿ ಸತ್ತವರು ಅವರು. ಆ ಆಳು ಎಲ್ಲಿಗೆ ಹೋಗ್ತಿದೀನಿ ಅಂತ ಗೊತ್ತಿದ್ದು ಹೋದ. ಊರು ಅವನಿಗೆ ಕಲ್ಲು ನೆಟ್ಟಿತು. ಅವನದು ಊರಿಗಾಗಿ ಕೊಟ್ಟ ಪ್ರಾಣ. ಭಾಗೀರಥಿಯದು ಊರು ತೆಗೆದುಕೊಂಡ ಪ್ರಾಣ. ಎರಡಕ್ಕೂ ಒಂದೇ ಹೆಸರು ಇಟ್ಟರೆ ಆ ಕಲ್ಲಿಗೂ ಮರ್ಯಾದೆ ಇಲ್ಲ, ಈ ಹಾಡಿಗೂ ಇಲ್ಲ.

ಎರಡನೇ ಮಾತು, ನೆರೆಹೊರೆಯದು. ಈ ಹಾಡಿನಲ್ಲಿ ಊರು ಎಲ್ಲಿದೆ? ಕೆರೆ ಅಂದಮೇಲೆ ಊರಿಗೆಲ್ಲ ಸೇರಿದ್ದು. ಅಗಸರು, ಕುಂಬಾರರು, ದನ ಕಾಯೋರು, ನೀರುಗಂಟಿ, ಗದ್ದೆಯೋರು ಎಲ್ಲರ ಕಾಲೂ ಕೆರೆ ದಂಡೆಯಲ್ಲೇ. ಅಂಥಾ ಊರಿಂದ ಹಾಡಿನಲ್ಲಿ ಒಂದು ದನಿ ಬರೋದಿಲ್ಲ. ಅಯ್ಯೋ ಬೇಡ ಅಂತಲೂ ಇಲ್ಲ, ಹೂಂ ಕೊಡಿ ಅಂತಲೂ ಇಲ್ಲ. ಗೌಡರ ಮನೆ ವಿಷಯ, ನಮಗ್ಯಾಕೆ ಅಂತ ಸುಮ್ಮನಿದ್ದಾರೆ. ಮಾರನೇ ದಿನ ನೀರು ತುಂಬಿಕೊಂಡು ಹೋಗೋಕೆ ಮಾತ್ರ ಎಲ್ಲರೂ ಬಂದಿರಬೇಕು. ಹಾಡು ಅದನ್ನ ಹೇಳೋದಿಲ್ಲ, ಹೇಳದೇ ಬಿಟ್ಟದ್ದರಿಂದಲೇ ಅದು ನನ್ನ ಕಿವೀಲಿ ಜೋರಾಗಿ ಕೇಳುತ್ತೆ.

ಇರೋದು ಒಬ್ಬಳೇ ನೆರೆಯವಳು, ಆ ಗೆಳತಿ. ಈ ಹಾಡಿನ ಜೀವ ಅವಳಲ್ಲಿದೆ ಅಂತ ನನ್ನ ಅಭಿಪ್ರಾಯ. ತವರಿಗೆ ಹೋದಾಗ ಭಾಗೀರಥಿ ನಿಜ ಹೇಳೋದಿಲ್ಲ. ಅತ್ತೆ ಮಾವ ಬೇರೆ ಇಡ್ತಾರಂತೆ ಅಂತ ಸುಳ್ಳು ಹೇಳ್ತಾಳೆ. ಅಪ್ಪ ಹೊಲ ಮನೆ ಕೊಡಿಸ್ತೀನಿ ಅಂತಾನೆ, ಅವ್ವ ಒಡವೆ ಕೊಡಿಸ್ತೀನಿ ಅಂತಾಳೆ. ಅವರವರ ಕೈಲಿದ್ದದ್ದು ಅವರು ಕೊಡ್ತಾರೆ. ತಪ್ಪು ಕಾಯಿಲೆಗೆ ಒಳ್ಳೇ ಮದ್ದು ಕೊಟ್ಟ ಹಾಗೆ. ಗೆಳತಿಯ ಹತ್ತಿರ ಮಾತ್ರ ಉಳ್ಳದ್ದು ಉಳ್ಳ ಹಾಗೆ ಹೇಳ್ತಾಳೆ. ರಕ್ತದ ಸಂಬಂಧಕ್ಕೆ ಹೇಳಲಾಗದ್ದನ್ನ ಓರಗೆಯವಳಿಗೆ ಹೇಳ್ತಾಳೆ. ನೆರೆಹೊರೆ ಅಂದರೆ ಇದೇ ಅಲ್ವಾ? ಆದರೆ ಆ ಗೆಳತಿ ಕೊಟ್ಟ ಬುದ್ಧಿ ಏನು? ಅವರು ಹೇಗೆ ಇಡ್ತಾರೋ ಹಾಗೇ ಇರಬೇಕು ಅನ್ನೋ ಅರ್ಥದ ಮಾತು. ಸಾಯಬೇಡ ಅನ್ನಲಿಲ್ಲ, ನಮ್ಮ ಮನೇಲಿ ಬಚ್ಚಿಟ್ಟುಕೊಳ್ತೀನಿ ಅನ್ನಲಿಲ್ಲ, ನಿನ್ನ ಗಂಡನಿಗೆ ಸುದ್ದಿ ಮುಟ್ಟಿಸ್ತೀನಿ ಅನ್ನಲಿಲ್ಲ.

ಅದೇ ಗೆಳತಿ ಕೊನೆಯಲ್ಲಿ ಮತ್ತೆ ಬರ್ತಾಳೆ. ಮಾದೇವರಾಯ ಹೆಂಡತಿ ಎಲ್ಲಿ ಅಂತ ಕೇಳಿದರೆ ಮನೆಯೋರು ತವರಿನ ಕಡೆ ಕೈ ತೋರಿಸ್ತಾರೆ. ತವರಿನೋರು ಗೆಳತಿ ಮನೆ ಕಡೆ ಕೈ ತೋರಿಸ್ತಾರೆ. ಗೆಳತಿ ಒಬ್ಬಳೇ ಕೆರೆ ಕಡೆ ಕೈ ತೋರಿಸ್ತಾಳೆ. ಇಡೀ ಹಾಡಿನಲ್ಲಿ ನಿಜ ಕೇಳಿದವಳೂ ಅವಳೇ, ನಿಜ ಹೇಳಿದವಳೂ ಅವಳೇ. ಹೊತ್ತು ಮೀರಿದ ಮೇಲೆ ಹೇಳಿದಳು, ಅಷ್ಟೆ. ಇವಳನ್ನ ನಾನು ಬಯ್ಯೋದಿಲ್ಲ. ಗೌಡನ ಎದುರು ಒಂಟಿ ಹೆಣ್ಣು ಏನು ಮಾಡಿಯಾಳು? ಆದರೆ ಹಾಡು ನಮ್ಮೆಲ್ಲರನ್ನೂ ಕೂರಿಸಿರೋದು ಅವಳ ಜಾಗದಲ್ಲೇ. ನಾವ್ಯಾರೂ ಮಲ್ಲನಗೌಡ ಅಲ್ಲ, ನಮ್ಮಲ್ಲಿ ಹೆಚ್ಚು ಜನ ಭಾಗೀರಥಿಯೂ ಅಲ್ಲ. ಪಕ್ಕದ ಮನೆಯೋರು ನಾವು. ಕೇಳಿಸಿಕೊಂಡು ‘ಏನ್ಮಾಡೋದು, ಹೊಂದ್ಕೊಂಡು ಹೋಗು’ ಅಂತ ಕಳಿಸಿದೋರು.

ಹಾಡುಗಾರನಾಗಿ ಇನ್ನೊಂದು ಮಾತು. ಇಂಥಾ ಹಾಡಿನಲ್ಲಿ ಮುಂದಾಳು ಹೇಳಿದ್ದನ್ನ ಹಿಮ್ಮೇಳದೋರು ಸೊಲ್ಲು ಎತ್ತಿ ತಿರುಗಿ ಹಾಡಬೇಕು. ಕೊಟ್ಟ ತೀರ್ಮಾನವನ್ನ ಹತ್ತು ಜನ ಒಂದೇ ದನೀಲಿ ತಿರುಗಿ ಹೇಳಿದಾಗ ಆ ಹತ್ತು ಜನವೇ ಊರಾಗಿಬಿಡ್ತಾರೆ. ಬಟ್ಟಲು ತರೋಕೆ ನೀನು ಹೋಗ್ತೀಯಾ, ನೀನು ಹೋಗ್ತೀಯಾ ಅಂತ ಒಬ್ಬೊಬ್ಬರನ್ನೇ ಕೇಳಿಕೊಂಡು ಬರುವಾಗ ಹಗ್ಗದ ಕುಣಿಕೆ ಬಿಗಿದ ಹಾಗೆ ಆಗುತ್ತೆ. ಬರೀ ಓದಿದರೆ ಈ ಬಿಗಿ ಸಿಕ್ಕೋದಿಲ್ಲ. ಈಗೀಗ ವೇದಿಕೆ ಮೇಲೆ ಹತ್ತು ನಿಮಿಷ ಕೊಡ್ತಾರೆ ಅಂತ ಗೆಳತಿಯ ಭಾಗ ಬಿಟ್ಟು, ನೀರು ಏರೋ ಕಡೆಗೇ ಜಿಗಿದು, ಅಲ್ಲಿಗೇ ಕೈ ಮುಗಿಯೋರಿದ್ದಾರೆ. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ಹೊಡೀತಾರೆ. ಹಾಗೆ ಹಾಡಿದರೆ ಅದು ಭಾಗೀರಥಿಯನ್ನ ಇನ್ನೊಂದು ಸಲ ಕೆರೆಗೆ ಕಳಿಸಿದ ಹಾಗೆ.

ಇಂಥಾ ಕತೆ ನಮ್ಮಲ್ಲಿ ಮಾತ್ರ ಇಲ್ಲ. ಸರ್ಬಿಯಾ ಅನ್ನೋ ದೇಶದ ಜನಪದ ಹಾಡಿನಲ್ಲಿ ಮೂವರು ಅಣ್ಣತಮ್ಮಂದಿರು ಸ್ಕಾದರ್ ಕೋಟೆ ಕಟ್ಟಿಸ್ತಾರೆ. ಹಗಲು ಕಟ್ಟಿದ್ದು ರಾತ್ರಿ ಬೀಳುತ್ತೆ. ನಾಳೆ ಬುತ್ತಿ ತರೋ ಸೊಸೆಯನ್ನ ಗೋಡೆಯಲ್ಲಿಟ್ಟು ಕಟ್ಟಬೇಕು ಅಂತ ಆಗುತ್ತೆ. ಯಾರೂ ಹೆಂಡತಿಗೆ ಹೇಳಬಾರದು ಅಂತ ಮೂವರೂ ಮಾತು ಕೊಡ್ತಾರೆ. ದೊಡ್ಡವರಿಬ್ಬರು ಗುಟ್ಟಾಗಿ ಹೇಳಿಬಿಡ್ತಾರೆ. ಚಿಕ್ಕವನು ಮಾತು ಉಳಿಸಿಕೊಳ್ತಾನೆ, ಅವನ ಹೆಂಡತಿ ಬುತ್ತಿ ತರ್ತಾಳೆ. ಅಲ್ಲೂ ಕಿರೀ ಸೊಸೆಯೇ! ಶಾಸ್ತ್ರ ಯಾವ ದೇಶದ್ದಾದರೂ ಕೊನೆಗೆ ಕೈ ತೋರಿಸೋದು ಮನೇಲಿ ಎಲ್ಲರಿಗಿಂತ ಕಡಿಮೆ ಬಲ ಇರೋಳ ಕಡೆಗೆ.

ಹಾಡಿನಲ್ಲಿ ಕೊರತೆ ಇಲ್ವಾ? ಇದೆ. ಒಂದು, ನೀರು ಬಂದೇಬಿಡುತ್ತೆ. ಅಂದಮೇಲೆ ಶಾಸ್ತ್ರ ನಿಜವಾಯ್ತು, ಕೊಟ್ಟದ್ದು ಸರಿಯಾಯ್ತು ಅಂತ ಕೇಳೋರಿಗೆ ಅನ್ನಿಸಿಬಿಡುತ್ತೆ. ಕೆರೇಲಿ ನೀರು ನಿಲ್ಲದೇ ಇದ್ದರೆ ಕೋಡಿ ನೋಡಬೇಕು, ತೂಬು ನೋಡಬೇಕು, ನೀರು ಬರೋ ಕಾಲುವೆ ಯಾರಾದರೂ ಉತ್ತುಕೊಂಡಿದ್ದಾರಾ ಅಂತ ನೋಡಬೇಕು. ಅದು ಬೇಸಾಯಗಾರನ ಬುದ್ಧಿ. ಎರಡು, ಗಂಡ ಕೆರೆಗೆ ಹಾರ್ತಾನೆಯೇ ಹೊರತು ಅಪ್ಪನ ಎದುರು ನಿಂತು ಒಂದು ಮಾತು ಕೇಳೋದಿಲ್ಲ. ಅವನೂ ಮಾತಾಡದೇ ಹೋದ. ನಮ್ಮ ಮಾದಪ್ಪನ ಕತೆಯ ನಡೆ ಬೇರೆ. ಮನೆ ತುಂಬ ಸಿರಿ ಇದ್ದೂ ಬಾಗಿಲಿಗೆ ಬಂದ ಜಂಗಮನಿಗೆ ಇಲ್ಲ ಅಂದ ಬೇವಿನಹಟ್ಟಿ ಕಾಳಮ್ಮನಿಗೆ ಶಿಕ್ಷೆ ಆಗೇ ಆಗುತ್ತೆ. ತನ್ನದನ್ನ ಕೊಡದೇ ಇದ್ದದ್ದಕ್ಕೇ ಅಲ್ಲಿ ಲೆಕ್ಕ ಕೇಳ್ತಾರೆ. ಇಲ್ಲಿ ತನ್ನದಲ್ಲದ ಪ್ರಾಣ ಕೊಟ್ಟ ಮಲ್ಲನಗೌಡನನ್ನ ಕೇಳೋರೇ ಇಲ್ಲ.

ಕೆರೆ ಉಳಿಸೋಕೆ ನಮ್ಮ ಹಿರಿಯರಿಗೆ ಬೇರೆ ದಾರಿ ಗೊತ್ತಿತ್ತು. ತಮಿಳಿನಲ್ಲಿ ಕುಡಿಮರಾಮತ್ತು ಅಂತಾರೆ. ಮನೆಗೊಂದು ಆಳು ಬಂದು ಹೂಳು ಎತ್ತಬೇಕು, ಏರಿಗೆ ಮಣ್ಣು ಹಾಕಬೇಕು, ಕಾಲುವೆ ಬಿಡಿಸಬೇಕು. 1858ರಲ್ಲಿ ಮದ್ರಾಸು ಸರ್ಕಾರ ಇಂಥಾ ಕೆಲಸಕ್ಕೆ ಕಾಯಿದೆಯನ್ನೇ ಮಾಡಿತ್ತು. ಈಚೆಗೆ ತಮಿಳುನಾಡು ಸರ್ಕಾರ ಅದೇ ಹೆಸರಲ್ಲಿ ಮತ್ತೆ ಕೆರೆ ಕೆಲಸ ಶುರುಮಾಡಿತು. ಇದು ನಮ್ಮ ಮುಯ್ಯಾಳಿನ ಹಾಗೆ. ಇವತ್ತು ನಿನ್ನ ಹೊಲದ ಕಳೆಗೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಎಲ್ಲರೂ ಒಂದೊಂದು ದಿನ ಕೊಟ್ಟರೆ ಯಾರೂ ಪ್ರಾಣ ಕೊಡಬೇಕಾಗಿಲ್ಲ. ಅದರಲ್ಲೂ ಮೋಸ ಇಲ್ಲದೇ ಇರಲಿಲ್ಲ. ಆಳು ಕಳಿಸಿದೋರು ಯಾರು, ಮಂಕರಿ ಹೊತ್ತೋರು ಯಾರು, ಮೊದಲು ನೀರು ಕಟ್ಟಿಕೊಂಡೋರು ಯಾರು ಅಂತ ಕೇಳಿದರೆ ಎಲ್ಲ ಊರಲ್ಲೂ ತಲೆ ತಗ್ಗಿಸಬೇಕಾಗುತ್ತೆ.

ಇದೆಲ್ಲ ಹಳೇ ಕತೆ ಅಂತ ಅಂದುಕೊಳ್ಳೋ ಹಾಗಿಲ್ಲ. ನಮ್ಮ ಪಕ್ಕದಲ್ಲೇ ಮೇಟ್ಟೂರು ಇದೆ. 1925ರಲ್ಲಿ ಶುರುವಾಗಿ 1934ರಲ್ಲಿ ಮುಗಿದ ಅಣೆಕಟ್ಟು. 120 ಅಡಿ ನೀರು ನಿಲ್ಲುತ್ತೆ, ತುಂಬಿದರೆ 93 ಟಿಎಂಸಿ ಮೇಲೆ. ತಂಜಾವೂರು ಸೀಮೆಯ ಗದ್ದೆ ಹಸಿರಾಯ್ತು, ಅದು ಸಂತೋಷದ ವಿಷಯವೇ. ಆದರೆ ಆ ನೀರಿನ ಕೆಳಗೆ ಊರುಗಳಿವೆ. ನೀರು ಇಳಿದ ವರ್ಷ ಪಣ್ಣವಾಡಿ ಹತ್ತಿರ ಜಲಕಂಠೇಶ್ವರ ಗುಡಿಯ ನಂದಿಯೂ ಹಳೇ ಚರ್ಚಿನ ಗೋಪುರವೂ ತಲೆ ಎತ್ತುತ್ತವೆ. ಜನ ಪರಿಸಲು ಹತ್ತಿ ಹೋಗಿ ನೋಡಿ ಪಟ ತೆಗೆಸಿಕೊಂಡು ಬರ್ತಾರೆ. ನನಗೆ ಆ ನಂದಿ ಕಂಡಾಗ ಭಾಗೀರಥಿ ನೆನಪಿಗೆ ಬರ್ತಾಳೆ. ಅಣೆ ಬೇಡವಿತ್ತು ಅಂತ ನಾನು ಹೇಳ್ತಾ ಇಲ್ಲ. ನೀರು ಯಾರಿಗೆ ಬೇಡ? ಆದರೆ ಕೆಳಗಿನ ಸೀಮೆಯೋರು ಅನ್ನ ಉಣ್ಣುವಾಗ ಮೇಲಿನ ಸೀಮೆಯ ಒಲೆ ಯಾವುದು ಮುಳುಗಿತು ಅಂತ ತಿಳಿದಿರಬೇಕು. ಕಾವೇರಿ ಉದ್ದಕ್ಕೂ ಇರೋರೆಲ್ಲ ಒಬ್ಬರಿಗೊಬ್ಬರು ನೆರೆಯೋರೇ. ತಿಳಿದಿರೋದೇ ನೆರೆಹೊರೆಯ ಮೊದಲನೇ ಮುಯ್ಯಿ.

ಮೇಷ್ಟ್ರುಗಳಿಗೆ ನನ್ನ ಕೋರಿಕೆ ಇಷ್ಟು. ಈ ಹಾಡು ಪಾಠ ಮಾಡಿ, ಬಿಡಬೇಡಿ. ಆದರೆ ‘ಭಾಗೀರಥಿಯ ಗುಣಗಳನ್ನು ವಿವರಿಸಿ’ ಅಂತ ಪ್ರಶ್ನೆ ಕೊಡಬೇಡಿ. ಗೆಳತಿ ಬೇರೆ ಏನು ಹೇಳಬಹುದಿತ್ತು ಅಂತ ಕೇಳಿ. ಹೆಣ್ಣುಮಕ್ಕಳನ್ನೂ ಕೇಳಿ, ಗಂಡುಹುಡುಗರನ್ನೂ ಕೇಳಿ. ಹಾಡೋರಿಗೆ ಹೇಳೋದು: ಗೆಳತಿಯ ಎರಡು ಭಾಗವನ್ನೂ ಹಾಡಿ, ಹೊತ್ತಾದರೆ ಪೂಜೆಯ ವರ್ಣನೆ ಕಡಿಮೆ ಮಾಡಿ. ಹಿಮ್ಮೇಳ ಸೊಲ್ಲು ಎತ್ತುವಾಗ ಬಟ್ಟಲಿನ ಪ್ರಶ್ನೆ ಬಂದ ಕಡೆ ಒಂದು ಉಸಿರು ನಿಲ್ಲಿಸಿ. ಆ ನಿಂತ ಉಸಿರಿನಲ್ಲಿ ಯಾರಾದರೂ ಒಬ್ಬರು, ‘ನಾನು ಹೋಗ್ತೀನಿ, ಅವಳನ್ನ ಬಿಡಿ’ ಅಂತ ಮನಸ್ಸಿನಲ್ಲಾದರೂ ಅಂದುಕೊಂಡರೆ ಹಾಡಿದ್ದು ಸಾರ್ಥಕ.