ಹಡ್ಸನ್ ಬೀದಿಯ ನರ್ತನವೂ ಹಳೆಯ ಮನೆಯ ಬಾಡಿಗೆಯೂ

ಎಲ್ಲಿಯೇ ಆಗಲಿ, ಪುರಾತನವಾದ ಬಡಾವಣೆಯೊಂದರ ನಡುವೆ ಗಗನಚುಂಬಿ ಸೌಧಗಳನ್ನೆಬ್ಬಿಸುವ ಯೋಜನೆ ಹೊರಟಿತೆಂದರೆ, ಅದನ್ನು ವಿರೋಧಿಸುವ ನಿವಾಸಿಗಳಿಗೆ ಪ್ರಮಾಣಗ್ರಂಥವಾಗಿ ಒದಗುವುದು ಜೇನ್ ಜೇಕಬ್ಸ್ 1961ರಲ್ಲಿ ಪ್ರಕಟಿಸಿದ ‘ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್’. ಅದರ ಹಿರಿಮೆಯನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಅದರ ಕೀರ್ತಿಯ ಬಹುಭಾಗ ಅದರ ಅತ್ಯಂತ ದುರ್ಬಲವಾದ ಕೆಲವೇ ಪುಟಗಳ ಮೇಲೆ ನಿಂತಿದೆಯೆಂಬುದೂ, ವಿರೋಧಕ್ಕೆ ನಿಜವಾದ ಬಲ ಕೊಡತಕ್ಕ ಅಧ್ಯಾಯವನ್ನು ಹೊಗಳುವವರು ಓದದೆ ಬಿಟ್ಟಿರುವರು, ತೆಗಳುವವರು ಅರ್ಧ ಓದಿರುವರು ಎಂಬುದೂ ನನ್ನ ದೃಢವಾದ ಅಭಿಪ್ರಾಯ.

ಜೇಕಬ್ಸ್ ನೆಲೆಸಿದ್ದ ಗ್ರೆನಿಚ್ ವಿಲೇಜಿನ ಕಥೆ ತಿಳಿದದ್ದೇ. 1961ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಆಡಳಿತವು ಅದರ ಪಶ್ಚಿಮದ 14 ಚೌಕಗಳನ್ನು ಜೀರ್ಣಪ್ರದೇಶವೆಂದು ಸಾರಿ ಪುನರ್ನಿರ್ಮಿಸಲು ಹೊರಟಿತು; ನೆರೆಹೊರೆಯವರು ಸಮಿತಿ ಕಟ್ಟಿ ಹೋರಾಡಿದರು; ಮರುವರ್ಷದ ಆದಿಯಲ್ಲಿ ಆ ಯೋಜನೆ ಬಿದ್ದುಹೋಯಿತು. ಗ್ರಂಥದ ಹಸ್ತಪ್ರತಿ ಈ ಹೋರಾಟಕ್ಕೆ ಮುನ್ನವೇ ಮುಗಿದಿತ್ತೆಂಬುದನ್ನು, ಅದನ್ನು ಹೋರಾಟದ ದಿನಚರಿಯೆಂಬಂತೆ ಓದುವವರು ನೆನೆಯುವುದಿಲ್ಲ.

ಗ್ರಂಥದ ಪ್ರಸಿದ್ಧವಾದ ಭಾಗವೆಂದರೆ ವಿಲೇಜಿನ ಹಡ್ಸನ್ ಬೀದಿಯ ಒಂದು ದಿನವನ್ನು ನರ್ತನವೆಂಬಂತೆ ಚಿತ್ರಿಸುವುದು. ಬೆಳಗ್ಗೆ ಎಂಟು ಹೊಡೆದ ತರುವಾಯ ಲೇಖಕಿ ಕಸದ ಡಬ್ಬಿಯನ್ನು ಹೊರಗಿಡುತ್ತಾರೆ. ಕ್ಷೌರಿಕನು ಮಡಿಸುವ ಕುರ್ಚಿಯನ್ನು ಅಂಗಡಿಯ ಮುಂದೆ ತಂದಿಡುತ್ತಾನೆ. ವಠಾರದ ಉಸ್ತುವಾರಿಯವನ ಹೆಂಡತಿ ಮೂರು ವರ್ಷದ ಮಗುವನ್ನು ಆಟಿಕೆಯ ಮ್ಯಾಂಡೊಲಿನ್ ಸಮೇತ ಮೆಟ್ಟಿಲ ಮೇಲೆ ಕೂರಿಸುತ್ತಾಳೆ. ಹಣ್ಣಿನ ಅಂಗಡಿಯವನೂ ಲೇಖಕಿಯೂ ಬೀದಿಯ ಎರಡು ಕೊನೆಗಳನ್ನೂ ಒಮ್ಮೆ ನೋಡಿ, ಎಲ್ಲವೂ ಕ್ಷೇಮವೆಂಬಂತೆ ಪರಸ್ಪರ ಮುಗುಳ್ನಗುತ್ತಾರೆ. ಗದ್ಯ ಮನೋಹರವಾಗಿದೆ, ಕಣ್ಣು ಚುರುಕಾಗಿದೆ. ಆದರೆ ಬೆಳಗಿನಿಂದ ನಡುರಾತ್ರಿಯವರೆಗೆ ಈ ರಂಗವನ್ನು ಹಾದುಹೋಗುವ ಇಷ್ಟೊಂದು ಜನರಲ್ಲಿ ಬಾಡಿಗೆ ಕೇಳಲು ಬರುವವನು ಒಬ್ಬನೂ ಇಲ್ಲ. ಮನೆಗಳಿಗೆ ಒಡೆಯನೊಬ್ಬನು ಬೇರೆಲ್ಲಿಯೋ ಇದ್ದಾನೆಂಬುದಕ್ಕೆ ಇರುವ ಸಾಕ್ಷಿ ಮೆಟ್ಟಿಲ ಮೇಲಿನ ಆ ಉಸ್ತುವಾರಿಯವನ ಮಗು ಮಾತ್ರ, ಅದನ್ನೂ ಲೇಖಕಿ ಆಟಿಕೆಯ ಸೊಗಸಿಗಾಗಿ ಗಮನಿಸುತ್ತಾರೆಯೇ ಹೊರತು ಅದು ಸೂಚಿಸುವ ಸಂಬಂಧಕ್ಕಾಗಿ ಅಲ್ಲ. ಕಸದ ಡಬ್ಬಿಯೊಡನೆ ನಿಂತ ಅವರಾದರೋ, 555ನೆಯ ಸಂಖ್ಯೆಯ ಆ ಮನೆಯನ್ನು 1947ರಲ್ಲಿ ಪತಿಯೊಡನೆ ಕ್ರಯಕ್ಕೆ ಪಡೆದವರು. ಕ್ಷೌರಿಕನು ಮುಂದಿನ ವರ್ಷವೂ ಕುರ್ಚಿಯನ್ನು ಹೊರಗಿಡುವನೇ ಎಂಬ ಪ್ರಶ್ನೆ ಬೀದಿಯಲ್ಲಿ ತೀರ್ಮಾನವಾಗತಕ್ಕದ್ದಲ್ಲ, ಬಾಡಿಗೆಯ ಕರಾರುಪತ್ರದಲ್ಲಿ ಆಗತಕ್ಕದ್ದು. ನರ್ತನದ ಪುಟಗಳು ಆ ಪತ್ರವನ್ನು ಮರೆಮಾಡುತ್ತವೆ.

ಆ ಪತ್ರ ತೆರೆದುಕೊಳ್ಳುವುದು ಹಳೆಯ ಕಟ್ಟಡಗಳ ಅವಶ್ಯಕತೆಯನ್ನು ವಿವೇಚಿಸುವ ಹತ್ತನೆಯ ಅಧ್ಯಾಯದಲ್ಲಿ. ಅಲ್ಲಿ ಲೇಖಕಿ ಕೇಳುವುದು ಜೀರ್ಣೋದ್ಧಾರಗೊಂಡ ಪ್ರೇಕ್ಷಣೀಯ ಭವನಗಳನ್ನಲ್ಲ. ಸಾಧಾರಣವಾದ, ಬೆಲೆಯಿಳಿದ, ಗಾರೆ ಕಿತ್ತ ಮನೆಗಳನ್ನು. ಹೊಸ ಕಟ್ಟಡವು ತನ್ನ ನಿರ್ಮಾಣದ ವೆಚ್ಚವನ್ನು ಬಾಡಿಗೆಯಿಂದಲೇ ತೀರಿಸಬೇಕಾದುದರಿಂದ ಬ್ಯಾಂಕುಗಳನ್ನೂ ಸರಣಿ ಅಂಗಡಿಗಳನ್ನೂ ಬಿಟ್ಟು ಹೆಚ್ಚಿನವರನ್ನು ತಾಳಲಾರದು. ವೆಚ್ಚ ಎಂದೋ ತೀರಿದ ಹಳೆಯ ಕಟ್ಟಡವಾದರೆ ಪುಸ್ತಕದ ವ್ಯಾಪಾರಿಯನ್ನೂ, ಅನಿಶ್ಚಿತವಾದ ಹೊಸ ಉದ್ಯಮವನ್ನೂ ಪೊರೆಯಬಲ್ಲದು. ಕ್ಷೌರಿಕನ ಕುರ್ಚಿಗೆ ನಿಜವಾದ ಸಮರ್ಥನೆ ಇಲ್ಲಿದೆ.

ವಿಮರ್ಶಕರು ಇದನ್ನು ಏನು ಮಾಡಿದರು? ಲೂಯಿಸ್ ಮಮ್‌ಫರ್ಡ್ 1962ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಈ ಗ್ರಂಥವನ್ನು ತಾಯಿಯೊಬ್ಬಳ ಮನೆಮದ್ದೆಂದು ಶೀರ್ಷಿಕೆಯಲ್ಲಿಯೇ ಹಗುರಗೊಳಿಸಿದರು. ಅಂಥ ಮಹಾಪಂಡಿತರಿಂದ ಬರಬಾರದಿದ್ದ ಮಾತು ಅದು. ಇನ್ನೂ ಹೆಚ್ಚು ಹಾನಿಯಾಗಿರುವುದು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಗ್ಲೇಸರ್ ಅವರಿಂದ. ಬೇಡಿಕೆಯಿರುವ ಸ್ಥಳದಲ್ಲಿ ಗಿಡ್ಡ ಕಟ್ಟಡಗಳನ್ನೇ ಉಳಿಸಿದರೆ ಬಾಡಿಗೆ ಇಳಿಯದೆ ಏರುವುದೆಂದೂ, ಜೇಕಬ್ಸ್ ಇದನ್ನು ಅರಿಯಲಿಲ್ಲವೆಂದೂ ಅವರ ವಾದ. 1969ರಲ್ಲಿ ಐತಿಹಾಸಿಕ ವಲಯವೆಂದು ಘೋಷಿತವಾದ ವಿಲೇಜು ಇಂದು ಧನಿಕರ ನೆಲೆಯಾಗಿರುವುದರಿಂದ ಆ ವಾದದ ಪೂರ್ವಾರ್ಧವನ್ನು ಒಪ್ಪಲೇಬೇಕು. ಆದರೆ ಜೇಕಬ್ಸ್ ಕೇಳಿದ್ದು ಇಡೀ ಬಡಾವಣೆಯನ್ನು ಸ್ತಂಭಿಸಿ ನಿಲ್ಲಿಸುವುದನ್ನಲ್ಲ, ಹಳತು ಹೊಸತುಗಳ ಮಿಶ್ರಣವನ್ನು. ಮುಂದಿನ ಅಧ್ಯಾಯದಲ್ಲಿಯೇ ಜನಸಾಂದ್ರತೆಯನ್ನು ಸಮರ್ಥಿಸಿದವರು ಅವರು. ಯಶಸ್ಸೇ ವೈವಿಧ್ಯವನ್ನು ನುಂಗುವ ಪರಿಯನ್ನು ಪ್ರತ್ಯೇಕವಾದ ಅಧ್ಯಾಯವೊಂದರಲ್ಲಿ ಮುಂಗಂಡವರೂ ಅವರೇ. ಗೋಪುರವೊಂದು ಎದ್ದು ನಗರದ ಒಟ್ಟು ಬಾಡಿಗೆ ಕಿಂಚಿತ್ತು ತಗ್ಗಿದರೂ, ಅದೇ ನಿವೇಶನದಿಂದ ಹೊರಬಿದ್ದ ಕ್ಷೌರಿಕನಿಗೆ ಅದರ ನೆಲಮಹಡಿಯ ಮಳಿಗೆ ದಕ್ಕುವುದಿಲ್ಲವೆಂಬುದಕ್ಕೆ ಗ್ಲೇಸರ್ ಅವರಲ್ಲಿ ಉತ್ತರವಿಲ್ಲ.

ವಿಲೇಜಿನ ಆ ನಿವಾಸಿಗಳು ಬರಿಯ ವಿರೋಧದಲ್ಲಿಯೂ ನಿಲ್ಲಲಿಲ್ಲ. ಇದ್ದವರಲ್ಲಿ ಒಬ್ಬರನ್ನೂ ಎಬ್ಬಿಸದೆ, ಖಾಲಿ ನಿವೇಶನಗಳಲ್ಲಿ ಐದೇ ಅಂತಸ್ತಿನ, ಲಿಫ್ಟಿಲ್ಲದ ಮನೆಗಳನ್ನು ಕಟ್ಟುವ ಯೋಜನೆಯನ್ನು 1963ರಲ್ಲಿ ತಾವೇ ಮುಂದಿಟ್ಟರು. ಆಡಳಿತದ ವಿಳಂಬದಿಂದ ಹತ್ತು ವರ್ಷಕ್ಕೂ ಮೇಲ್ಪಟ್ಟು ಕಾಲ ಸಂದು, ವೆಚ್ಚ ಬೆಳೆದು, ಅಲಂಕಾರವೆಲ್ಲ ಕಳಚಿ, 42 ಕಟ್ಟಡಗಳಲ್ಲಿ 420 ಮನೆಗಳಾಗಿ ಅವು ನಿಂತವು. ಬರಿಯ ಇಟ್ಟಿಗೆಯ ಆ ಮನೆಗಳನ್ನು ನೀರಸವೆಂದು ಹಳಿದವರುಂಟು, ನೀರಸವಾಗಿರುವುದೂ ನಿಜ. ಆದರೂ ಸಾಧಾರಣ ವರಮಾನದ ಕುಟುಂಬಗಳು ಬಹುಕಾಲ ಅಲ್ಲಿ ನೆಲೆಸಿದವು. ಜೇಕಬ್ಸ್ ಅವರ ತತ್ತ್ವಕ್ಕೆ ನರ್ತನದ ಪುಟಗಳಿಗಿಂತ ಅವೇ ಉತ್ತಮವಾದ ಭಾಷ್ಯ. ತಮ್ಮ ಬೀದಿಯ ಪರವಾಗಿ ಮನವಿ ಬರೆಯಲು ಕುಳಿತವರು ಈ ಗ್ರಂಥವನ್ನು ಹತ್ತನೆಯ ಅಧ್ಯಾಯದಿಂದ ಓದಲಾರಂಭಿಸಲಿ, ಮತ್ತು ಮನವಿಯ ಮೊದಲನೆಯ ಪುಟದಲ್ಲಿ ತಮ್ಮ ಬೀದಿಯ ಅಂಗಡಿಗಳು ಇಂದು ತೆರುತ್ತಿರುವ ಬಾಡಿಗೆಯನ್ನು ನಮೂದಿಸಲಿ.